ಓಪನ್ ಸೋರ್ಸ್ ಯೋಜನೆ ಹತ್ತು ವರ್ಷ ಬಾಳಬೇಕಾದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಓಪನ್ ಸೋರ್ಸ್, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ ಯೋಜನೆ ಶುರು ಮಾಡುವುದು ಹೇಗೆ ಎಂದು ಕೇಳಿದವರು ಈ ಸಲ ಕಡಿಮೆ. ಶುರು ಮಾಡಿದ್ದನ್ನು ಕೈಬಿಡದೆ ನಡೆಸಿಕೊಂಡು ಹೋಗುವುದು ಹೇಗೆ ಎಂಬ ಪತ್ರಗಳೇ ಹೆಚ್ಚು. ಒಂದೇ ಬಗೆಯವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಲಾಗ್ ಕಡತಗಳಲ್ಲಿರುವ ದಿನಾಂಕಗಳನ್ನು ಓದಿ ಒಂದೇ ರೂಪಕ್ಕೆ ತರುವ ಪುಟ್ಟ ಲೈಬ್ರರಿಯೊಂದನ್ನು ಆರು ವರ್ಷದಿಂದ ಒಬ್ಬನೇ ನೋಡಿಕೊಳ್ಳುತ್ತಿದ್ದೇನೆ. 340 ಇಶ್ಯೂಗಳು (ಬಳಕೆದಾರರು ಹಾಕಿದ ದೂರು, ಬೇಡಿಕೆ, ಪ್ರಶ್ನೆಗಳು) ತೆರೆದೇ ಇವೆ. ರಾತ್ರಿ ಕೂತು ಐದು ಮುಗಿಸುವಷ್ಟರಲ್ಲಿ ಎಂಟು ಹೊಸವು ಬಂದಿರುತ್ತವೆ. 90 ದಿನ ಸದ್ದಿಲ್ಲದ ಇಶ್ಯೂಗಳನ್ನು ತಾನಾಗಿ ಮುಚ್ಚುವ ಬಾಟ್ ಹಾಕಲೇ?

ಉತ್ತರ: ಬಾಟ್ ಬೇಡ. ಅದು ನೋಡುವುದು ಇಶ್ಯೂವಿನ ವಯಸ್ಸನ್ನು ಮಾತ್ರ. ದೋಷ ಸರಿಹೋಯಿತೇ ಇಲ್ಲವೇ ಎಂಬುದು ಅದಕ್ಕೆ ತಿಳಿಯದು. ಕಷ್ಟಪಟ್ಟು ವಿವರ ಬರೆದವರಿಗೆ ಯಂತ್ರದಿಂದ ಒಂದು ಸಾಲಿನ ಉತ್ತರ ಹೋದರೆ ಮುಂದಿನ ಸಲ ಅವರು ಬರೆಯುವುದೇ ಇಲ್ಲ. ಪಟ್ಟು ಬಿಡದವರು ‘ಇನ್ನೂ ಹಾಗೇ ಇದೆ’ ಎಂದು ಹಾಕಿ ಮತ್ತೆ ತೆರೆಸುತ್ತಾರೆ. ನಿಮಗೆ ಬರುವ ಮೇಲ್ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಒಂದು ವಾರಾಂತ್ಯ ಕೋಡ್ ಮುಟ್ಟದೆ ಇಶ್ಯೂಗಳನ್ನಷ್ಟೇ ಓದಿ. ಒಂದಕ್ಕೆ ಎರಡು ನಿಮಿಷದಂತೆ 340ಕ್ಕೆ ಹನ್ನೊಂದು ಗಂಟೆ ಚಿಲ್ಲರೆ. ಆ ಹೊತ್ತಿನಲ್ಲಿ ಏನನ್ನೂ ಸರಿಪಡಿಸಲು ಹೋಗಬೇಡಿ, ಲೇಬಲ್ ಹಾಕುತ್ತ ಹೋಗಿ: ಮರುಕಳಿಸುವ ಹೆಜ್ಜೆಗಳನ್ನು ಕೊಟ್ಟಿರುವ ದೋಷ, ವಿವರ ಸಾಲದ ದೂರು, ಹೊಸ ಸೌಲಭ್ಯದ ಬೇಡಿಕೆ, ಬಳಕೆಯ ಪ್ರಶ್ನೆ. ವಿವರ ಸಾಲದವರನ್ನು ನಾಲ್ಕು ಸಂಗತಿ ಕೇಳಿ: ಯಾವ ಆವೃತ್ತಿ, ಏನು ಕೊಟ್ಟಿರಿ, ಏನು ಬಂತು, ಏನು ಬರಬೇಕಿತ್ತು. ಮೂವತ್ತು ದಿನ ಕಾದು, ಉತ್ತರ ಬಾರದಿದ್ದರೆ ನೀವೇ ಎರಡು ಸಾಲು ಬರೆದು ಮುಚ್ಚಿ. ಒಂದೇ ಪ್ರಶ್ನೆ ಮೂರು ಸಲ ಬಂದಿದ್ದರೆ ದಾಖಲೆಯಲ್ಲಿ (ಬಳಕೆಯ ಕೈಪಿಡಿಯಲ್ಲಿ) ಅದಕ್ಕೆ ಉತ್ತರವಿಲ್ಲ ಎಂದರ್ಥ; ಅಲ್ಲಿ ಒಂದು ಪ್ಯಾರಾ ಸೇರಿಸಿದರೆ ನಾಲ್ಕನೆಯದು ಬರುವುದಿಲ್ಲ.

ನಿಮ್ಮನ್ನು ನಿಜಕ್ಕೂ ಹಣ್ಣು ಮಾಡುತ್ತಿರುವುದು ಹೊಸ ಸೌಲಭ್ಯಗಳ ರಾಶಿ. ನಿಮ್ಮಂಥ ಲೈಬ್ರರಿಗೆ ಬಂದೇ ಬರುವ ಬೇಡಿಕೆಯೊಂದನ್ನು ಹತ್ತಿರದಿಂದ ನೋಡೋಣ: ‘03/04/25 ಎಂಬುದನ್ನೂ ಓದುವಂತೆ ಮಾಡಿ’. ಜೊತೆಗೆ ನಲವತ್ತು ಸಾಲಿನ ಪುಲ್ ರಿಕ್ವೆಸ್ಟ್ (ಸೇರಿಸಿಕೊಳ್ಳಿ ಎಂದು ಕಳಿಸಿದ ಕೋಡ್) ಕೂಡ ಬಂದಿದೆ, ಟೆಸ್ಟ್‌ಗಳು ಪಾಸಾಗಿವೆ. ಆದರೆ ಇದು ಏಪ್ರಿಲ್ 3 ಹೌದೋ, ಮಾರ್ಚ್ 4 ಹೌದೋ? 25 ಎಂದರೆ 1925 ಯಾಕಲ್ಲ? ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡವಾದ ಪಾಸಿಕ್ಸ್‌ನ ನಿಯಮದ ಪ್ರಕಾರ ಎರಡಂಕಿಯ ವರ್ಷ 69ರಿಂದ 99ರ ತನಕ ಇದ್ದರೆ 1969–1999, 00ಯಿಂದ 68ರ ತನಕ ಇದ್ದರೆ 2000–2068. ಆ ನಿಯಮ ಒಪ್ಪಿದರೆ 1950ರಲ್ಲಿ ಹುಟ್ಟಿದವರ ದಾಖಲೆ 2050ಕ್ಕೆ ಹಾರುತ್ತದೆ. ಒಪ್ಪದಿದ್ದರೆ ಗಡಿ ಯಾವುದೆಂದು ಹೇಳಲು ಒಂದು ಆಯ್ಕೆ ಬೇಕು, ದಿನ ಮೊದಲೋ ತಿಂಗಳು ಮೊದಲೋ ಎಂಬುದಕ್ಕೆ ಇನ್ನೊಂದು. ಎರಡಕ್ಕೂ ದಾಖಲೆ, ಎರಡೂ ಕೂಡಿದಾಗ ಆಗುವ ನಾಲ್ಕು ಜೋಡಿಗೆ ಟೆಸ್ಟ್. ಒಮ್ಮೆ ಬಿಡುಗಡೆಯಾಯಿತೆಂದರೆ ತಪ್ಪೆಂದು ಗೊತ್ತಾದರೂ ಬದಲಾಯಿಸುವಂತಿಲ್ಲ, ಯಾರದೋ ವ್ಯವಸ್ಥೆ ಆ ತಪ್ಪಿನ ಮೇಲೇ ನಿಂತಿರುತ್ತದೆ. ಕಳಿಸಿದವರು ನಲವತ್ತು ಸಾಲು ಬರೆದು ಹೋಗುತ್ತಾರೆ, ಅದರ ಸಾಕಣೆ ನಿಮ್ಮ ಪಾಲಿಗೆ. ಆದ್ದರಿಂದ ಯೋಜನೆಯ ಪರಿಚಯ ಕಡತವಾದ ರೀಡ್‌ಮಿಯಲ್ಲಿ ‘ಈ ಲೈಬ್ರರಿ ಏನನ್ನು ಮಾಡುವುದಿಲ್ಲ’ ಎಂಬ ತಲೆಬರಹ ಹಾಕಿ ಐದಾರು ಸಾಲು ಬರೆಯಿರಿ. ‘ಊಹೆ ಮಾಡಬೇಕಾದ ದಿನಾಂಕಗಳನ್ನು ಓದುವುದಿಲ್ಲ’ ಎಂಬುದು ಮೊದಲ ಸಾಲಾಗಲಿ. ಬೇಡ ಎನ್ನುವಾಗ ಆ ಸಾಲಿಗೆ ಕೊಂಡಿ ಕೊಟ್ಟರೆ ವಾದಕ್ಕೆ ಇಳಿಯಬೇಕಾಗಿಲ್ಲ.

ಸಮಯವನ್ನೂ ಬರೆದಿಡಿ: ವಾರಕ್ಕೆ ಎರಡು ಗಂಟೆ, ಸಾಮಾನ್ಯ ಇಶ್ಯೂಗೆ ಎರಡು ವಾರದೊಳಗೆ ಉತ್ತರ, ಭದ್ರತಾ ದೋಷಕ್ಕೆ 72 ಗಂಟೆಯೊಳಗೆ. ಹೇಳಿಟ್ಟರೆ ಜನ ಕಾಯುತ್ತಾರೆ. ಹೇಳದಿದ್ದರೆ ಮೂರನೆಯ ದಿನಕ್ಕೇ ‘ಈ ಯೋಜನೆ ಜೀವಂತವಾಗಿದೆಯೇ?’ ಎಂಬ ಪ್ರಶ್ನೆ ಬರುತ್ತದೆ.

ಪ್ರಶ್ನೆ: ಎಂಟು ತಿಂಗಳಿಂದ ಒಬ್ಬರು ಅಚ್ಚುಕಟ್ಟಾಗಿ ಪ್ಯಾಚ್ (ಕೋಡಿನ ತಿದ್ದುಪಡಿ) ಕಳಿಸುತ್ತಿದ್ದಾರೆ. ಈಗ ರಿಲೀಸ್ ಮಾಡುವ, ಅಂದರೆ ಹೊಸ ಆವೃತ್ತಿ ಹೊರಬಿಡುವ ಅನುಮತಿ ಕೇಳುತ್ತಿದ್ದಾರೆ. ಮುಖ ನೋಡಿಲ್ಲ, ದನಿ ಕೇಳಿಲ್ಲ. ಕೊಡಬಹುದೇ?

ಉತ್ತರ: ಕೆಲಸ ಹಂಚಿಕೊಳ್ಳಿ, ಬೀಗದ ಕೈಯನ್ನು ಪೂರ್ತಿ ಒಬ್ಬರಿಗೇ ಕೊಡಬೇಡಿ. ನಿಮ್ಮ ಕೈಯಲ್ಲೂ ಅದು ಪೂರ್ತಿ ಇರಬಾರದು.

ನಿಮ್ಮ ಅಳುಕಿಗೆ ಕಾರಣವಿದೆ. 2018ರಲ್ಲಿ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಲ್ಲಿದ್ದ ಈವೆಂಟ್-ಸ್ಟ್ರೀಮ್ ಎಂಬ ಪ್ಯಾಕೇಜನ್ನು ಅದರ ಕರ್ತೃ, ತಾನು ಬಳಸುವುದೇ ಬಿಟ್ಟಿದ್ದರಿಂದ, ಕೇಳಿದವರಿಗೆ ಒಪ್ಪಿಸಿಬಿಟ್ಟರು. ಹೊಸಬರು ಅದಕ್ಕೊಂದು ಡಿಪೆಂಡೆನ್ಸಿ (ಅದು ನೆಚ್ಚುವ ಬೇರೊಂದು ಪ್ಯಾಕೇಜ್) ಸೇರಿಸಿ ಬಿಟ್‌ಕಾಯಿನ್ ವಾಲೆಟ್‌ನಿಂದ ಕದಿಯುವ ಕೋಡ್ ತುರುಕಿದರು. 2024ರ ಎಕ್ಸ್‌ಝಡ್ ಪ್ರಕರಣ ಇನ್ನೂ ತಾಳ್ಮೆಯದು. ಒಬ್ಬರೇ ನಿರ್ವಹಿಸುತ್ತಿದ್ದ ಆ ಕಂಪ್ರೆಷನ್ ಸಾಧನಕ್ಕೆ ಜಿಯಾ ಟಾನ್ ಎಂಬ ಹೆಸರಿನ ಖಾತೆ ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ಕೆಲಸವನ್ನೇ ಮಾಡಿಕೊಡುತ್ತ ಬಂತು. ನಡುವೆ ಬೇರೆ ಬೇರೆ ಹೆಸರುಗಳಿಂದ ‘ಎಷ್ಟು ನಿಧಾನ, ಬೇರೆಯವರಿಗೆ ಕೊಡಿ’ ಎಂಬ ಒತ್ತಡ ಬರುತ್ತಿತ್ತು. ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಸೇರಿತು. ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದೇಕೆ ಎಂದು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಕೆದಕಿ ನೋಡಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು.

ಅಲ್ಲಿ ಆದದ್ದರ ವಿವರದಲ್ಲೇ ನಿಮ್ಮ ಕೆಲಸದ ಪಟ್ಟಿ ಇದೆ. ಹಿಂಬಾಗಿಲಿನ ಮುಖ್ಯ ಭಾಗ ಟೆಸ್ಟ್‌ಗೆಂದು ಇಟ್ಟಿದ್ದ ಬೈನರಿ ಕಡತಗಳೊಳಗೆ ಅಡಗಿತ್ತು. ಆದ್ದರಿಂದ ಟೆಸ್ಟ್‌ಗೆ ಬೈನರಿ ಕಡತ ಸೇರಿಸುವವರು ಅದನ್ನು ಹುಟ್ಟಿಸುವ ಸ್ಕ್ರಿಪ್ಟನ್ನೂ ಕೊಡಬೇಕೆಂಬ ನಿಯಮ ಮಾಡಿ. ಅದನ್ನು ಎಬ್ಬಿಸುವ ಬಿಲ್ಡ್ ಸ್ಕ್ರಿಪ್ಟಿನ ಸಾಲು ಎಲ್ಲರೂ ನೋಡುವ ಕೋಡಿನ ಕಣಜವಾದ ಗಿಟ್ ರೆಪಾಸಿಟರಿಯಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿದ ಟಾರ್‌ಬಾಲ್ ಕಡತದಲ್ಲಿ ಮಾತ್ರ ಇತ್ತು. ಆದ್ದರಿಂದ ಯಾರ ಲ್ಯಾಪ್‌ಟಾಪಿನಿಂದಲೂ ರಿಲೀಸ್ ಹೋಗಬಾರದು. ಆವೃತ್ತಿಯ ಟ್ಯಾಗ್ ಹಾಕಿದೊಡನೆ ಸಿಐ ಸರ್ವರ್ (ಬಿಲ್ಡ್, ಟೆಸ್ಟ್‌ಗಳನ್ನು ತಾನಾಗಿ ನಡೆಸುವ ಯಂತ್ರ) ಕಟ್ಟಿ ಕಳಿಸಬೇಕು. ಪೈಥಾನ್ ಭಾಷೆಯ ಪ್ಯಾಕೇಜ್ ಭಂಡಾರವಾದ ಪೈಪಿಐ 2023ರಲ್ಲಿ ತಂದ ಟ್ರಸ್ಟೆಡ್ ಪಬ್ಲಿಷಿಂಗ್‌ನಂಥ ವ್ಯವಸ್ಥೆ ನಿಮ್ಮ ರಿಜಿಸ್ಟ್ರಿಯಲ್ಲಿ (ಪ್ಯಾಕೇಜ್ ಭಂಡಾರದಲ್ಲಿ) ಇದ್ದರೆ ಅದನ್ನೇ ಬಳಸಿ. ಅಲ್ಲಿ ವರ್ಷಗಟ್ಟಲೆ ಬಾಳುವ ಟೋಕನ್ (ಪ್ರವೇಶದ ಗುಪ್ತ ಕೀ) ಇರುವುದಿಲ್ಲ, ಕದಿಯಲೂ ಏನೂ ಸಿಗದು. ಪ್ರಕಟಿಸುವ ಹೆಜ್ಜೆಗೆ ಇನ್ನೊಬ್ಬರ ಒಪ್ಪಿಗೆ ಕಡ್ಡಾಯ ಮಾಡಿ. ಮುಖ್ಯ ಬ್ರಾಂಚಿಗೆ (ಕೋಡಿನ ಮೂಲ ಕವಲಿಗೆ) ನೇರವಾಗಿ ಕೋಡ್ ಪುಶ್ ಮಾಡುವುದನ್ನು ಮುಚ್ಚಿ, ನಿಮಗೂ ಸೇರಿಸಿ.

ಇಷ್ಟು ಕಟ್ಟಿಕೊಂಡ ಮೇಲೆ ಅವರಿಗೆ ಮೊದಲು ಇಶ್ಯೂ ವಿಂಗಡಿಸುವ ಅನುಮತಿ, ಮೂರು ತಿಂಗಳ ನಂತರ ಕೋಡನ್ನು ಒಳಸೇರಿಸುವ (ಮರ್ಜ್ ಮಾಡುವ) ಅನುಮತಿ, ಇನ್ನೊಂದಾರು ತಿಂಗಳಿಗೆ ರಿಲೀಸ್. ಈ ಮೆಟ್ಟಿಲುಗಳನ್ನು ಬಹಿರಂಗವಾಗಿ ಬರೆದಿಟ್ಟರೆ ಮುಂದಿನವರಿಗೂ ಅದೇ ದಾರಿ. ‘ಇವತ್ತೇ ಕೊಡಿ’ ಎಂದು ಯಾರಾದರೂ ಅವಸರಿಸಿದರೆ ನಿಲ್ಲಿ. ಆದರೆ ಎಂಟು ತಿಂಗಳು ದುಡಿದವರನ್ನು ಅನುಮಾನವೊಂದಕ್ಕೇ ದೂರ ಇಡುವುದು ನಮಗೆ ಸರಿಕಾಣುವುದಿಲ್ಲ. ದಣಿದ ಒಬ್ಬರ ಕೈಯಲ್ಲಿ ಎಲ್ಲವೂ ಇದ್ದದ್ದೇ ಎಕ್ಸ್‌ಝಡ್‌ನಲ್ಲಿ ಮೋಸಗಾರರಿಗೆ ಅನುಕೂಲವಾದದ್ದು.

ಪ್ರಶ್ನೆ: ಯೋಜನೆ ನೋಡಿಕೊಳ್ಳುವ ಮೇಂಟೇನರ್‌ಗಳು ನಾವು ಮೂವರು. ಬಸ್ ಫ್ಯಾಕ್ಟರ್ (ಎಷ್ಟು ಜನ ಇಲ್ಲವಾದರೆ ಯೋಜನೆ ನಿಂತುಹೋಗುತ್ತದೆ ಎಂಬ ಲೆಕ್ಕ) ಮೂರು ಎಂದುಕೊಳ್ಳಬಹುದಲ್ಲ?

ಉತ್ತರ: ಎಣಿಸಿ ನೋಡದೆ ಹೇಳಲಾಗದು. ಯಾರದು ಎಷ್ಟು ಕಮಿಟ್ (ದಾಖಲಾದ ಕೋಡ್ ಬದಲಾವಣೆ) ಎಂದು ಎಣಿಸುವ ಗಿಟ್ ಶಾರ್ಟ್‌ಲಾಗ್ ಆಜ್ಞೆಗೆ ಎಸ್, ಎನ್ ಆಯ್ಕೆ ಕೊಟ್ಟು ಕಳೆದ ಎರಡು ವರ್ಷದ್ದನ್ನು ಮಾತ್ರ ತೆಗೆಸಿ. ಒಬ್ಬರದೇ ನೂರಕ್ಕೆ ಎಂಬತ್ತು ಕಮಿಟ್ ಇದ್ದರೆ ಉಳಿದಿಬ್ಬರು ಹೆಸರಿಗಷ್ಟೇ. ಕಮಿಟ್‌ಗಿಂತ ದೊಡ್ಡ ಪ್ರಶ್ನೆ ಬೀಗದ ಕೈಗಳದು. ಕಾಗದದಲ್ಲಿ ಮೂರು ಕಾಲಂ ಗೀಚಿ: ಯಾವುದು, ಯಾರ ಬಳಿ, ಯಾವಾಗ ಮುಗಿಯುತ್ತದೆ. ರೆಪಾಸಿಟರಿಯ ಮಾಲೀಕತ್ವ (ವ್ಯಕ್ತಿಯ ಖಾತೆಯಲ್ಲಿದ್ದರೆ ಸಂಸ್ಥೆಯ ಖಾತೆಗೆ ಸಾಗಿಸಿ, ಹಳೆಯ ಕೊಂಡಿಗಳು ತಾವಾಗಿ ಹೊಸ ಜಾಗಕ್ಕೆ ಹೋಗುತ್ತವೆ), ಪ್ಯಾಕೇಜ್ ರಿಜಿಸ್ಟ್ರಿ, ಡೊಮೇನ್, ಡಿಎನ್‌ಎಸ್, ದಾಖಲೆಯ ತಾಣ, ಸಿಐನ ಗುಟ್ಟುಗಳು, ಸಹಿ ಹಾಕುವ ಕೀ, ಭದ್ರತಾ ದೂರು ಬರುವ ಮೇಲ್ ವಿಳಾಸ, ಹಣವಿದ್ದರೆ ಅದರ ಖಾತೆ. ಒಂದೊಂದರ ಎದುರೂ ಎರಡು ಹೆಸರು ಇರಲೇಬೇಕು. ಮರೆತುಹೋಗುವುದು ಎರಡನೆಯ ಹಂತದ ದೃಢೀಕರಣ: ಪಾಸ್‌ವರ್ಡ್ ಹಂಚಿಕೊಂಡಿರುತ್ತಾರೆ, ಆದರೆ ಕೋಡ್ ಬರುವುದು ಒಬ್ಬರ ಫೋನಿಗೆ. ಪಾಸ್‌ವರ್ಡ್ ಹಂಚುವುದೇ ಬೇಡ, ಇಬ್ಬರಿಗೂ ಬೇರೆ ಬೇರೆ ಖಾತೆ ಇರಲಿ.

ಆಮೇಲೆ ಪರೀಕ್ಷೆ. ವರ್ಷಕ್ಕೊಮ್ಮೆ, ಎಂದೂ ರಿಲೀಸ್ ಮಾಡದವರ ಕೈಯಲ್ಲಿ ಒಂದು ಪುಟ್ಟ ರಿಲೀಸ್ ಮಾಡಿಸಿ. ರೂಢಿಯಿರುವವರು ಪಕ್ಕದಲ್ಲಿ ಕೂತು ಬಾಯಿ ಬಿಡಬಾರದು. ಅವರು ಎಲ್ಲಿ ತಡವರಿಸಿದರೋ ಆ ಹೆಜ್ಜೆ ರಿಲೀಸ್ ಕಡತದಲ್ಲಿ ಬರೆದಿಲ್ಲ ಎಂದು ತಿಳಿಯಿರಿ, ಅಂದೇ ಸೇರಿಸಿ. ‘ಚೇಂಜ್‌ಲಾಗ್ ನವೀಕರಿಸಿ’ ಎಂದಿರುತ್ತದೆ, ಯಾವ ಎರಡು ಕಡತಗಳಲ್ಲಿ ಆವೃತ್ತಿ ಸಂಖ್ಯೆ ಬದಲಾಗಬೇಕು ಎಂದಿರುವುದಿಲ್ಲ.

ನಿರ್ಧಾರ ಯಾರದು ಎಂಬುದನ್ನೂ ಜಗಳ ಬರುವ ಮುಂಚೆ ಬರೆದುಕೊಳ್ಳಿ, ಒಂದು ಪುಟ ಸಾಕು. ಪೈಥಾನ್ ಭಾಷೆಯನ್ನು ಹುಟ್ಟುಹಾಕಿದ ಗೀಡೊ ವಾನ್ ರಾಸಮ್ 2018ರ ಜುಲೈನಲ್ಲಿ ಅದರ ಮುಂದಾಳ್ತನ ಬಿಟ್ಟಾಗ ಮುಂದೇನು ಎಂಬುದಕ್ಕೆ ಬರೆದ ನಿಯಮವಿರಲಿಲ್ಲ. ಹಲವು ಮಾದರಿಗಳನ್ನು ಮುಂದಿಟ್ಟು, ಮತ ಹಾಕಿ, ಐದು ಜನರ ಸ್ಟೀರಿಂಗ್ ಕೌನ್ಸಿಲ್ ಚುನಾಯಿಸುವ ಹೊತ್ತಿಗೆ ಅರ್ಧ ವರ್ಷ ಕಳೆಯಿತು. ಅಷ್ಟು ದೊಡ್ಡ ಸಮುದಾಯ ತಾಳಿಕೊಂಡಿತು. ಮೂವರ ತಂಡಕ್ಕೆ ಅಪಾಚೆ ಯೋಜನೆಗಳ ಪದ್ಧತಿ ಒಗ್ಗುತ್ತದೆ: ಪ್ರಸ್ತಾವ ಇಟ್ಟು 72 ಗಂಟೆ ಕಾಯುವುದು, ಯಾರೂ ಕಾರಣ ಕೊಟ್ಟು ಬೇಡ ಎನ್ನದಿದ್ದರೆ ಮುಂದುವರಿಯುವುದು.

ಪ್ರಶ್ನೆ: ದೊಡ್ಡ ದೊಡ್ಡ ಕಂಪನಿಗಳು ನಮ್ಮ ತಂತ್ರಾಂಶ ಬಳಸುತ್ತವೆ. ದೇಣಿಗೆಯ ಬಟನ್ ಹಾಕಿ ಎರಡು ವರ್ಷವಾಯಿತು, ಬಂದದ್ದು ಸರ್ವರ್ ಖರ್ಚಿಗೂ ಸಾಲದು. ಎಲ್ಲಿ ಎಡವಿದ್ದೇವೆ?

ಉತ್ತರ: ನೀವಷ್ಟೇ ಅಲ್ಲ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಹೊರಬಿದ್ದಾಗ, ಜಗತ್ತಿನ ವೆಬ್ ಸರ್ವರ್‌ಗಳ ದೊಡ್ಡ ಪಾಲು ನೆಚ್ಚಿಕೊಂಡಿದ್ದ, ಆ ದೋಷವಿದ್ದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್‌ಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್. ಬಟನ್ ಒತ್ತುವವರು ವ್ಯಕ್ತಿಗಳು. ಕಂಪನಿಯೊಳಗಿನ ಎಂಜಿನಿಯರ್‌ಗೆ ಮನಸ್ಸಿದ್ದರೂ ದೇಣಿಗೆ ಕೊಡುವ ಅಧಿಕಾರ ಇರುವುದಿಲ್ಲ. ಬಿಲ್ ಬಂದರೆ ಪಾವತಿ ಮಾಡಿಸುವ ದಾರಿ ಮಾತ್ರ ಇರುತ್ತದೆ. ಆದ್ದರಿಂದ ಬಿಲ್ ಮಾಡಬಹುದಾದ ಏನನ್ನಾದರೂ ಇಡಿ: ಹಳೆಯ ಆವೃತ್ತಿಗೆ ಇನ್ನೆರಡು ವರ್ಷ ಭದ್ರತಾ ಪ್ಯಾಚ್, ತಿಂಗಳಿಗೆ ನಾಲ್ಕು ಗಂಟೆಯ ಸಲಹೆ, ಆವೃತ್ತಿ ಏರಿಸಲು ನೆರವು. ಬೆಲೆಯನ್ನು ಬಹಿರಂಗವಾಗಿ ಬರೆಯಿರಿ. ‘ಸಂಪರ್ಕಿಸಿ’ ಎಂದು ಬಿಟ್ಟರೆ ಮುಕ್ಕಾಲು ಪಾಲು ಜನ ಅಲ್ಲೇ ತಿರುಗುತ್ತಾರೆ. ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ನಡೆಯುವುದು ಹೆಚ್ಚುಕಡಿಮೆ ಹೀಗೆಯೇ. ಕೋಡ್ ಯಾರ ಸ್ವತ್ತೂ ಅಲ್ಲ, ಪಬ್ಲಿಕ್ ಡೊಮೇನ್. ಆದರೆ ಒಕ್ಕೂಟದ ಸದಸ್ಯ ಕಂಪನಿಗಳ ವಾರ್ಷಿಕ ಶುಲ್ಕ ಮತ್ತು ಬೆಂಬಲದ ಒಪ್ಪಂದಗಳ ಮೇಲೆ 2050ರ ತನಕ ನೋಡಿಕೊಳ್ಳುತ್ತೇವೆ ಎಂದು ಅದರ ತಂಡ ಹೇಳಿಕೊಂಡಿದೆ.

ಒಂದನ್ನು ಮಾತ್ರ ಮಾರಬೇಡಿ: ಯಾರ ಪುಲ್ ರಿಕ್ವೆಸ್ಟ್ ಒಳಗೆ ಹೋಗುತ್ತದೆ ಎಂಬ ತೀರ್ಮಾನ.

ಬಿಲ್ ಮಾಡಲು ಕಾನೂನಿನ ಕಣ್ಣಿಗೆ ಒಂದು ಸಂಸ್ಥೆ ಬೇಕು. ಸ್ವಂತದ್ದು ಹುಟ್ಟುಹಾಕಿದರೆ ಲೆಕ್ಕಪತ್ರದಲ್ಲೇ ವರ್ಷ ಕಳೆಯುತ್ತದೆ. 1997ರಿಂದ ಇರುವ ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್, ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ, ಓಪನ್ ಸೋರ್ಸ್ ಕಲೆಕ್ಟಿವ್ ಇಂಥವು ಹಲವು ಯೋಜನೆಗಳ ಹಣವನ್ನು ತಮ್ಮ ಹೆಸರಲ್ಲಿ ಇಟ್ಟುಕೊಂಡು ನಿಭಾಯಿಸುತ್ತವೆ, ಬಂದದ್ದರಲ್ಲಿ ಸಾಮಾನ್ಯವಾಗಿ ಶೇ 5ರಿಂದ 10 ತಮ್ಮ ಖರ್ಚಿಗೆ ಹಿಡಿದುಕೊಳ್ಳುತ್ತವೆ. ನಮ್ಮ ಮಟ್ಟಿಗೆ ಅದು ಸಲ್ಲುವ ಬೆಲೆ.

ಹಣ ಬಂದ ಮೊದಲ ತಿಂಗಳೇ ಜಗಳವೂ ಬರುತ್ತದೆ, ಯಾರಿಗೆ ಕೊಡುವುದು ಎಂದು. ಹೊಸ ಸೌಲಭ್ಯಕ್ಕೆ ಕೊಡಬೇಡಿ, ಅದನ್ನು ಪುಕ್ಕಟೆಯಾಗಿ ಮಾಡಲು ಜನ ಸಿಗುತ್ತಾರೆ. ಯಾರೂ ಇಷ್ಟಪಟ್ಟು ಮಾಡದ ಕೆಲಸಕ್ಕೆ ಕೊಡಿ: ಇಶ್ಯೂ ವಿಂಗಡಣೆ, ರಿಲೀಸ್, ಹಳೆಯ ಬ್ರಾಂಚಿಗೆ ಪ್ಯಾಚ್ ಇಳಿಸುವುದು, ದಾಖಲೆ. ಗಂಟೆಯ ದರ, ಯಾರು ಎಷ್ಟು ಪಡೆದರು ಎಂಬುದನ್ನು ಎಲ್ಲರಿಗೂ ಕಾಣುವಂತೆ ಇಡಿ.

ಪ್ರಶ್ನೆ: ಹಾಗಾದರೆ ಲೈಸೆನ್ಸ್ ಬದಲಾಯಿಸಿ ಕಂಪನಿಗಳಿಂದ ವಸೂಲು ಮಾಡಿದರೆ?

ಉತ್ತರ: ಬದಲಾಯಿಸಿದವರ ಗತಿ ನೋಡಿ. ಎಲಾಸ್ಟಿಕ್ 2021ರಲ್ಲಿ ಬದಲಾಯಿಸಿತು, ಓಪನ್‌ಸರ್ಚ್ ಎಂಬ ಫೋರ್ಕ್ (ಅದೇ ಕೋಡಿನಿಂದ ಕವಲೊಡೆದ ಬೇರೆ ಯೋಜನೆ) ಹುಟ್ಟಿತು. ಹ್ಯಾಶಿಕಾರ್ಪ್ 2023ರಲ್ಲಿ ಟೆರಾಫಾರ್ಮ್‌ನ ಲೈಸೆನ್ಸ್ ಬಿಗಿ ಮಾಡಿತು, ಓಪನ್‌ಟೋಫು ಬಂತು. ರೆಡಿಸ್ 2024ರ ಮಾರ್ಚ್‌ನಲ್ಲಿ ಮಾಡಿತು, ಕೆಲವೇ ದಿನದಲ್ಲಿ ವಾಲ್ಕಿ ಎದ್ದು ನಿಂತಿತು. ಎಲಾಸ್ಟಿಕ್ 2024ರಲ್ಲಿ, ರೆಡಿಸ್ 2025ರಲ್ಲಿ ಎಜಿಪಿಎಲ್ ಆಯ್ಕೆಯನ್ನು ತಂದು ಮುಕ್ತ ಲೈಸೆನ್ಸಿಗೆ ಮರಳಿದವು, ಫೋರ್ಕ್‌ಗಳು ಮಾತ್ರ ಮರಳಿ ಬರಲಿಲ್ಲ. ಅಲ್ಲದೆ ಕೋಡ್ ಕಳಿಸಿದವರು ಹಕ್ಕನ್ನು ನಿಮಗೆ ಬರೆದುಕೊಡದಿದ್ದರೆ ಅವರವರ ಸಾಲುಗಳು ಅವರವರವೇ. ಲಿನಕ್ಸ್ ಕರ್ನಲ್ 2004ರಿಂದ ಕೇಳುವ ‘ಸೈನ್ಡ್-ಆಫ್-ಬೈ’ ಸಾಲು, ‘ಇದನ್ನು ಈ ಲೈಸೆನ್ಸಿನಡಿ ಕೊಡುವ ಹಕ್ಕು ನನಗಿದೆ’ ಎಂಬ ದೃಢೀಕರಣ ಮಾತ್ರ; ಹಕ್ಕಿನ ವರ್ಗಾವಣೆಯಲ್ಲ. ಬಾಳಿಕೆಯ ದೃಷ್ಟಿಯಿಂದ ನಾವು ಅದನ್ನೇ ಮೆಚ್ಚುತ್ತೇವೆ: ಯಾರೊಬ್ಬರೂ ಲೈಸೆನ್ಸ್ ತಿರುಚಲಾರರು ಎಂಬ ಭರವಸೆಯಿಂದಲೇ ಎಷ್ಟೋ ಜನ ಕೋಡ್ ಕಳಿಸುತ್ತಾರೆ.

ಪ್ರಶ್ನೆ: ಹಳೆಯ ಆವೃತ್ತಿಗಳನ್ನು ಎಷ್ಟು ಕಾಲ ಹೊರಬೇಕು?

ಉತ್ತರ: ಮೊದಲೇ ತಾರೀಖು ಹೇಳಿಬಿಡಿ. ಪೈಥಾನ್ 3.9ರಿಂದ ಪ್ರತಿ ಅಕ್ಟೋಬರಿಗೆ ಒಂದು ಆವೃತ್ತಿ, ಪ್ರತಿಯೊಂದಕ್ಕೂ ಐದು ವರ್ಷ. ಕ್ಯಾಲೆಂಡರ್ ನೋಡಿದರೆ ಸಾಕು. ಒಬ್ಬಿಬ್ಬರ ಯೋಜನೆಗೆ ಈಗಿನದು ಮತ್ತು ಅದರ ಹಿಂದಿನದು, ಹಿಂದಿನದಕ್ಕೆ ಭದ್ರತಾ ಪ್ಯಾಚ್ ಮಾತ್ರ, ಅದೂ 12 ತಿಂಗಳು. ಅದಕ್ಕಿಂತ ಹೆಚ್ಚು ಹೊರಲು ಹೋದರೆ ಒಂದೇ ಪ್ಯಾಚನ್ನು ಮೂರು ಬ್ರಾಂಚಿಗೆ ಕೈಯಿಂದ ಹೊಂದಿಸಬೇಕಾಗುತ್ತದೆ, ಮೂರನೆಯದರಲ್ಲಿ ಟೆಸ್ಟ್ ಓಡಿಸುವ ಉಪಕರಣವೇ ಸತ್ತಿರುತ್ತದೆ.

ಏನನ್ನಾದರೂ ತೆಗೆಯುವುದಿದ್ದರೆ ಒಂದು ಆವೃತ್ತಿಯಲ್ಲಿ ಎಚ್ಚರಿಕೆ, ಬದಲಿಗೆ ಏನು ಬಳಸಬೇಕೆಂಬ ಸಾಲು ಎಚ್ಚರಿಕೆಯೊಳಗೇ. ಮುಂದಿನ ಮುಖ್ಯ ಆವೃತ್ತಿಯಲ್ಲಿ ತೆಗೆಯಿರಿ. ಎಲ್ಲವನ್ನೂ ಒಂದೇ ಏಟಿಗೆ ಮುರಿಯಬೇಡಿ. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಪೈಥಾನ್ 2ಕ್ಕೆ ಮೊದಲು ಇಟ್ಟಿದ್ದ 2015ರ ಗಡುವನ್ನು 2020ಕ್ಕೆ ಮುಂದೂಡಬೇಕಾಯಿತು. ಎರಡನ್ನೂ ಹನ್ನೊಂದು ವರ್ಷ ಹೊತ್ತುಕೊಳ್ಳಲು ಅವರಿಗೆ ಜನವಿತ್ತು.

ಪ್ರಶ್ನೆ: ಎಐ ಬರೆದುಕೊಟ್ಟ ಭದ್ರತಾ ವರದಿಗಳು ವಾರಕ್ಕೆ ಹತ್ತು ಬರುತ್ತಿವೆ. ಓದಲು ಚೆನ್ನ, ಒಳಗೆ ಹುರುಳಿಲ್ಲ. ಏನು ಮಾಡುವುದು?

ಉತ್ತರ: ದೋಷ ಹುಡುಕಿಕೊಟ್ಟವರಿಗೆ ಬಹುಮಾನದ ಹಣ ಇಟ್ಟಿದ್ದರೆ ಮೊದಲು ಅದನ್ನು ತೆಗೆಯಿರಿ. 2019ರಲ್ಲಿ ಬಹುಮಾನ ಶುರು ಮಾಡಿದ್ದ ಕರ್ಲ್ ಎಂಬ ಯೋಜನೆ ಕೂಡ ಇದೇ ಕಾಟಕ್ಕೆ 2026ರ ಜನವರಿ ಕೊನೆಗೆ ನಿಲ್ಲಿಸಿತು. ವರದಿಯ ನಮೂನೆಯಲ್ಲಿ ಮೂರು ಕಡ್ಡಾಯ ಮಾಡಿ: ಸದ್ಯದ ರಿಲೀಸ್ ಮೇಲೆ ಓಡುವ ಪುಟ್ಟ ಪ್ರೋಗ್ರಾಮ್, ಅದರ ನಿಜವಾದ ಔಟ್‌ಪುಟ್, ಮತ್ತು ದಾಳಿಕೋರರ ಕೈಗೆ ಸಿಗುವುದೇನು ಎಂಬುದು. ಪ್ರೋಗ್ರಾಮನ್ನು ಪ್ರತ್ಯೇಕ ಕಂಟೇನರ್‌ನಲ್ಲಿ ಓಡಿಸಿ, ನಿಮ್ಮ ಯಂತ್ರದಲ್ಲಿ ಬೇಡ. ಇಲ್ಲದ ಫಂಕ್ಷನ್ ಹೆಸರು ಕಂಡರೆ ಅಲ್ಲಿಗೇ ಮುಚ್ಚಿ. ಸಾಧನ ಯಾವುದನ್ನು ಬಳಸಿದರೂ ಪರವಾಗಿಲ್ಲ, ಕಳಿಸಿದವರು ತಾವೇ ಪರೀಕ್ಷಿಸಿರಬೇಕು, ಅಷ್ಟೇ.

ಪ್ರಶ್ನೆ: ಇನ್ನು ಸಾಕು ಅನ್ನಿಸಿದೆ. ಜನರಿಗೆ ತೊಂದರೆಯಾಗದಂತೆ ನಿಲ್ಲಿಸುವುದು ಹೇಗೆ?

ಉತ್ತರ: ನಿಲ್ಲಿಸುವ ಹಕ್ಕು ನಿಮಗೆ ಪೂರ್ತಿಯಾಗಿದೆ, ಆ ಬಗ್ಗೆ ಅಳುಕು ಬೇಡ. ಬಾಕಿಯಿರುವ ಭದ್ರತಾ ದೋಷಗಳನ್ನು ಸರಿಪಡಿಸಿ ಕೊನೆಯ ರಿಲೀಸ್ ಮಾಡಿ. ರೀಡ್‌ಮಿಯ ಮೊದಲ ಸಾಲಿನಲ್ಲೇ ತಾರೀಖು ಹಾಕಿ ಹೇಳಿ, ಬದಲಿ ಯೋಜನೆಗಳಿದ್ದರೆ ಹೆಸರಿಸಿ. ಲಿನಕ್ಸ್ ಕರ್ನಲ್‌ನ ಮೇಂಟೇನರ್ಸ್ ಕಡತದಲ್ಲಿ ನೋಡುವವರಿಲ್ಲದ ಭಾಗದ ಎದುರು ‘ಆರ್ಫನ್’ ಎಂದೇ ಬರೆದಿರುತ್ತಾರೆ. ಅಷ್ಟು ನೇರವಾಗಿದ್ದರೆ ಬಳಸುವವರಿಗೆ ಗೊಂದಲವಿರದು. ವಹಿಸಿಕೊಳ್ಳುವವರು ಬೇಕಿದ್ದರೆ ಆರು ತಿಂಗಳ ಮುಂಚೆ ತಿಳಿಸಿ. ಪರ್ಲ್ ಭಾಷೆಯ ಪ್ಯಾಕೇಜ್ ಭಂಡಾರವಾದ ಸಿಪ್ಯಾನ್‌ನಲ್ಲಿ ಇದಕ್ಕೆಂದೇ ‘ಅಡಾಪ್ಟ್‌ಮಿ’ ಎಂಬ ಗುರುತಿದೆ. ಯಾರೂ ಬಾರದಿದ್ದರೆ ಆರ್ಕೈವ್ ಮಾಡಿ, ಓದಲು ಮಾತ್ರ ಸಿಗುವಂತೆ ಮುಚ್ಚಿಡಿ. ಮೊದಲು ಕೇಳಿದವರಿಗೆ ಹೆಸರು ಕೊಟ್ಟುಬಿಡುವುದಕ್ಕಿಂತ ಅದು ಎಷ್ಟೋ ಮೇಲು. ನಂಬಿಕೆಯಿರುವವರು ಬೇರೆ ಹೆಸರಲ್ಲಿ ಫೋರ್ಕ್ ಮಾಡಿಕೊಳ್ಳಲಿ, ಬಳಕೆದಾರರು ನೋಡಿಕೊಂಡು ಹೋಗುತ್ತಾರೆ.

ಪ್ಯಾಕೇಜನ್ನು ಮಾತ್ರ ರಿಜಿಸ್ಟ್ರಿಯಿಂದ ಅಳಿಸಬೇಡಿ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜ್ ಎನ್‌ಪಿಎಂನಿಂದ ಮಾಯವಾದಾಗ, ಅದರ ಹೆಸರೇ ಕೇಳದವರ ಬಿಲ್ಡ್‌ಗಳೂ ಮುರಿದು ಬಿದ್ದವು.

ಕೊನೆಯದು ಡೊಮೇನ್. ಯೋಜನೆ ಮುಗಿಯಿತೆಂದು ನವೀಕರಣ ನಿಲ್ಲಿಸಿಬಿಡುತ್ತಾರೆ. ನಿಮ್ಮ ರಿಜಿಸ್ಟ್ರಿ ಖಾತೆಯ ಮೇಲ್ ಅದೇ ಡೊಮೇನಿನದಾಗಿದ್ದರೆ, ಡೊಮೇನ್ ಕೊಂಡವರು ಪಾಸ್‌ವರ್ಡ್ ಮರುಹೊಂದಿಸಿ ನಿಮ್ಮ ಹೆಸರಿನಲ್ಲೇ ಹೊಸ ಆವೃತ್ತಿ ಬಿಡಬಹುದು. ವರ್ಷಗಟ್ಟಲೆ ಮುಟ್ಟದೆ ಬಿದ್ದಿದ್ದ ಸಿಟಿಎಕ್ಸ್ ಎಂಬ ಪೈಥಾನ್ ಪ್ಯಾಕೇಜಿಗೆ 2022ರ ಮೇ ತಿಂಗಳಲ್ಲಿ ಆದದ್ದು ಇದೇ. ಆದ್ದರಿಂದ ಮೊದಲು ಖಾತೆಯ ಮೇಲ್ ವಿಳಾಸ ಬದಲಾಯಿಸಿ, ಎರಡು ಹಂತದ ದೃಢೀಕರಣ ಹಾಕಿ, ಹಳೆಯ ಟೋಕನ್‌ಗಳನ್ನೆಲ್ಲ ರದ್ದುಮಾಡಿ. ಡೊಮೇನ್ ಬಿಡುವುದು ಇವೆಲ್ಲ ಆದ ಮೇಲೆ.